ಬಾಯಿಗೆ ಬಂದಂತೆ

ಹೊಲದ ಬದುವಿನ ಜಗಳವಿರಲಿ, ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಗಳವಿರಲಿ, ಪೊಲೀಸ್ ಠಾಣೆಗೆ ಬಂದ ಮೇಲೆ ಎಲ್ಲಕ್ಕೂ ಒಂದೇ ಭಾಷೆ. ‘ಪಿರ್ಯಾದಿಯನ್ನು ಅವಾಚ್ಯ ಶಬ್ದಗಳಿಂದ ಬೈದು, ಕೈಗಳಿಂದ ಹೊಡೆದು, ಜೀವ ಬೆದರಿಕೆ ಹಾಕಿರುತ್ತಾರೆ.’ ಮೂರು ಕೆಲಸ, ಮೂರು ಕಲಂ. ಬಹಳ ಕಾಲ ಅವು ಐಪಿಸಿ 504, 323, 506 ಆಗಿದ್ದವು. ಠಾಣೆಯ ರೈಟರಿಗೂ ತಾಲ್ಲೂಕು ಕೋರ್ಟಿನ ವಕೀಲರಿಗೂ ಈ ಅಂಕಿಗಳು ಮಗ್ಗಿಯಷ್ಟೇ ಕಂಠಪಾಠ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು, ಶಾಂತಿ ಕದಡುವಂತೆ ಅವಮಾನಿಸುವುದು 352ನೇ ಕಲಂ ಆಯಿತು. ಅಂಕಿ ಬದಲಾಯಿತು, ಬೈಗುಳ ಅದೇ ಉಳಿಯಿತು.

‘ಅವಾಚ್ಯ’ ಎಂದಷ್ಟೇ ಬರೆದರೆ ಎದುರು ಪಕ್ಷದ ವಕೀಲರು ಬಿಡುವುದಿಲ್ಲ. ಏನೆಂದು ಬೈದ, ಹೇಳಿ ಎನ್ನುತ್ತಾರೆ. ಹಾಗಾಗಿ ದೂರಿನಲ್ಲಿ ಒಂದೆರಡು ಮಾದರಿ ಕೊಡುವುದು ರೂಢಿ. ಆಡಬಾರದ ಮಾತು ಎಂದು ಹೇಳಿ, ಅದೇ ಉಸಿರಿನಲ್ಲಿ ‘ಏ ಬೋಳಿಮಗನೇ, ಸೂಳೇಮಗನೇ’ ಎಂದು ಉದ್ಧರಣ ಚಿಹ್ನೆ ಸಮೇತ ಬರೆದು, ಕೆಳಗೆ ಠಾಣೆಯ ಮೊಹರು ಒತ್ತಲಾಗುತ್ತದೆ. ಇಂಥ ನಾಲ್ಕಾರು ದೂರುಗಳನ್ನು ಒಟ್ಟಿಗೆ ಓದಿದವರಿಗೆ ಒಂದು ವಿಷಯ ಥಟ್ಟನೆ ಹೊಳೆಯುತ್ತದೆ: ಬೈಗುಳಗಳು ಬೆರಳೆಣಿಕೆಯಷ್ಟೇ. ಬಾಯಿಗೆ ಬಂದಂತೆ ಬೈದ ಎನ್ನುತ್ತೇವೆ, ಆದರೆ ನಿಜವಾಗಿ ಬಾಯಿಗೆ ಬಂದದ್ದನ್ನು ಬೈಯುವವರು ತೀರ ಕಡಿಮೆ. ಸಿಟ್ಟು ನೆತ್ತಿಗೇರಿದ ಮನುಷ್ಯ ಸ್ವಂತ ಮಾತು ಹುಡುಕುತ್ತ ಕೂರುವುದಿಲ್ಲ. ಅಜ್ಜ ಮುತ್ತಜ್ಜಂದಿರು ಬೈದಿಟ್ಟದ್ದನ್ನೇ ಎತ್ತಿ ಬೀಸುತ್ತಾನೆ.

ಬೀಸಿದ್ದು ಎಲ್ಲಿ ಬೀಳುತ್ತದೆ ಎಂಬುದೇ ಇಲ್ಲಿನ ತಮಾಷೆ, ತಮಾಷೆ ಎನ್ನುವುದಾದರೆ. ಬದು ಒತ್ತಿದವನು ಪಕ್ಕದ ಹೊಲದ ಗಂಡಸು. ಬೈಗುಳ ಬಿದ್ದದ್ದು ಅವನ ತಾಯಿಗೆ. ಆಕೆ ಆಗ ಮನೆಯಲ್ಲಿ ರಾಗಿ ಬೀಸುತ್ತಿರಬಹುದು, ಸತ್ತು ಇಪ್ಪತ್ತು ವರ್ಷವೂ ಆಗಿರಬಹುದು. ಕನ್ನಡದಲ್ಲಿ ಗಂಡಸರು ಗಂಡಸರಿಗೆ ಬೈಯುವ ಮಾತುಗಳಲ್ಲಿ ಹೆಚ್ಚಿನವು ಅಲ್ಲಿ ಇಲ್ಲದ ಹೆಂಗಸಿಗೆ ತಾಗುವಂಥವು.

ಬೋಳಿ ಎಂದರೆ ತಲೆ ಬೋಳಿಸಿದವಳು. ಮುಂಡೆ ಎಂಬುದೂ ಸಂಸ್ಕೃತದ ಮುಂಡ, ಅಂದರೆ ಬೋಳುತಲೆಯಿಂದ ಬಂದದ್ದು. ರಂಡೆ ಎಂದರೂ ಗಂಡ ಸತ್ತವಳೇ. ಪಾದ್ರಿಯಾಗಿದ್ದ ಕಿಟೆಲ್ 1894ರಲ್ಲಿ ಮಂಗಳೂರಿನಿಂದ ಹೊರತಂದ ಎಪ್ಪತ್ತು ಸಾವಿರ ಪದಗಳ ನಿಘಂಟಿನಲ್ಲಿ ಈ ಮಾತುಗಳಿಗೂ ಜಾಗ ಕೊಟ್ಟ. ಬೈಗುಳವೆಂದು ಮೂಗು ಮುಚ್ಚಿಕೊಂಡಿದ್ದರೆ ನಮಗೆ ಈ ಚರಿತ್ರೆಯೂ ಸಿಗುತ್ತಿರಲಿಲ್ಲ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಓದಿದವರಿಗೆ, ಅಥವಾ ಪ್ರೇಮಾ ಕಾರಂತರು ಅದರಿಂದ ಮಾಡಿದ 1983ರ ಸಿನಿಮಾ ನೋಡಿದವರಿಗೆ ಈ ಬೋಳಿ ಯಾರೆಂದು ಬೇರೆ ಹೇಳಬೇಕಿಲ್ಲ. ಗಂಡನೆಂದರೇನು ಎಂದು ತಿಳಿಯುವ ಮೊದಲೇ ಅವನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯಲ್ಲಿ ಇಡೀ ಆಯುಷ್ಯ ಮನೆಮಂದಿಯ ಬಾಣಂತನ ಮಾಡಿ ಸವೆದುಹೋದ ಹೆಂಗಸು. ಅವಳಿಗೆ ಮಗ ಹುಟ್ಟಿದ ಎಂಬ ಆರೋಪವೇ ‘ಬೋಳಿಮಗ’. ತಲೆ ಬೋಳಿಸಿದ್ದೂ ಮನೆಯವರೇ, ಅದನ್ನು ಬೈಗುಳ ಮಾಡಿಕೊಂಡದ್ದೂ ಮನೆಯವರೇ. ಹೆಂಡತಿ ಸತ್ತ ಗಂಡಸಿಗೂ ಕನ್ನಡದಲ್ಲಿ ವಿಧುರ ಎಂಬ ಪದವಿದೆ. ‘ವಿಧುರನ ಮಗನೇ’ ಎಂದು ಕೂಗಿ ಯಾರಾದರೂ ಜಗಳ ಶುರು ಮಾಡಿದ್ದನ್ನು ಕೇಳಿದ್ದೀರಾ?

‘ಸೂಳೆ’ಯ ಕಥೆ ಇನ್ನೂ ಉದ್ದ. ನಮ್ಮ ದೇವಾಲಯಗಳ ಶಾಸನಗಳಲ್ಲಿ ಅದು ಒಂದು ಹುದ್ದೆಯ ಹೆಸರು. ದೇವಸ್ಥಾನದ ಸೇವೆಯಲ್ಲಿದ್ದ ಸೂಳೆಯರಿಗೆ ಭೂಮಿ, ಮನೆ, ಧಾನ್ಯದ ಪಾಲು ಬರೆದುಕೊಟ್ಟ ದಾಖಲೆಗಳಿವೆ. ಹನ್ನೆರಡನೇ ಶತಮಾನದ ಶರಣೆಯೊಬ್ಬಳು ನಮಗೆ ಗೊತ್ತಿರುವುದು ಸೂಳೆ ಸಂಕವ್ವೆ ಎಂದೇ. ಆ ಪದವನ್ನು ಹೆಸರಿನ ಮುಂದಿಟ್ಟುಕೊಂಡೇ ಅವಳು ವಚನಕಾರರ ಸಾಲಿನಲ್ಲಿ ನಿಂತಿದ್ದಾಳೆ. ಚನ್ನಗಿರಿ ತಾಲ್ಲೂಕಿನ ಆ ದೊಡ್ಡ ಕೆರೆಯನ್ನು ಕಟ್ಟಿಸಿದವಳು ಶಾಂತವ್ವ ಎಂಬ ಐತಿಹ್ಯವಿದೆ. ಊರವರ ಬಾಯಲ್ಲಿ ಅದು ಇಂದಿಗೂ ಸೂಳೆಕೆರೆ, ಇಲಾಖೆಯ ಬೋರ್ಡಿನಲ್ಲಿ ಶಾಂತಿಸಾಗರ. ಹೆಸರಿನಲ್ಲಿ ನಾಚಿಕೆಪಡುವುದೇನೂ ಊರವರಿಗೆ ಕಂಡಿಲ್ಲ, ಬೋರ್ಡು ಬರೆಸಿದವರಿಗೆ ಕಂಡಿದೆ. ಹುದ್ದೆ ಹೋಗಿ, ಭೂಮಿ ಹೋಗಿ, ಮಾನವೂ ಹೋಗಿ, ಕೊನೆಗೆ ಆ ಪದಕ್ಕೆ ಉಳಿದದ್ದು ಠಾಣೆಯ ದೂರಿನಲ್ಲಿ ಒಂದು ಜಾಗ.

ಇನ್ನು ಕರಾವಳಿಯಲ್ಲಿ ಒಂದು ಮಾತಿದೆ, ಘಟ್ಟದ ಮೇಲಿನವರು ಅದರ ತೂಕ ತಿಳಿಯದೆ ಬಳಸಿ ಪೆಟ್ಟು ತಿನ್ನುವುದುಂಟು: ಬೇವರ್ಸಿ. ಮೂಲದಲ್ಲಿ ಅದು ಕಂದಾಯ ಕಚೇರಿಯ ಪದ. ವಾರಸುದಾರ ಎನ್ನುತ್ತೇವಲ್ಲ, ಅದೇ ವಾರಸಿಗೆ ಫಾರಸಿಯ ‘ಬೇ’ ಸೇರಿದರೆ ಬೇವಾರಸು. ಹೇಳಿಕೊಳ್ಳಲು ಯಾರೂ ಇಲ್ಲದ ಜಮೀನು, ಯಾರೂ ಕೇಳದ ಹೆಣ. ಬದ್ಮಾಶ್ ಎಂಬುದು ಕೆಟ್ಟ ಕಸುಬಿನಿಂದ ಬದುಕುವವನು. ಆಸ್ತಿಯಿಲ್ಲದವನು, ಅಪ್ಪನಿಲ್ಲದವನು, ಕಸುಬು ಸರಿಯಿಲ್ಲದವನು. ಬೈಗುಳ ಬರುವ ದಾರಿ ಇಂಥವೇ. ಅಕ್ಕರೆಯ ಬೈಗುಳವೂ ಇದರಿಂದ ತಪ್ಪಿಸಿಕೊಂಡಿಲ್ಲ. ಮೊಮ್ಮಗನ ಕಿವಿ ಹಿಂಡುತ್ತ ಅಜ್ಜಿ ಅನ್ನುವ ‘ಬಡವಾ’ ಯಾವುದು? ನಮ್ಮ ಗಾಂಧಿನಗರ ಅದನ್ನು ಟೈಟಲ್ಲಿಗೇ ಏರಿಸಿತು. ‘ಪೊರ್ಕಿ’, ‘ಕಿರಾತಕ’, ‘ಅಯೋಗ್ಯ’, ‘ಬಡವ ರಾಸ್ಕಲ್’ ಎಂಬ ಪೋಸ್ಟರುಗಳ ಕೆಳಗೆ ಮನೆಮಂದಿಯೆಲ್ಲ ನಿಂತು ಟಿಕೆಟ್ ಕೊಂಡಿದ್ದೇವೆ. ಕಿರಾತರು ಎಂಬುದು ಬೇಟೆಯಾಡುವ ಜನವೊಂದರ ಹೆಸರಾಗಿತ್ತು ಎಂಬುದು ಆಗ ಯಾರಿಗೂ ನೆನಪಾಗಲಿಲ್ಲ.

ಬೈಗುಳ ಅನಕ್ಷರಸ್ಥರದು, ಒರಟು ಜನರದು ಎಂಬ ನಂಬಿಕೆಯೊಂದಿದೆ. ಅದನ್ನು ಬಿಡಬೇಕೆಂದರೆ ಶಾಸನಗಳ ಕೊನೆಯ ಸಾಲುಗಳನ್ನು ಓದಬೇಕು. ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದಾದ ಹಲ್ಮಿಡಿಯದು ಹದಿನಾರು ಸಾಲಿನ ಸಣ್ಣ ಬರಹ. ಅದರಲ್ಲೇ, ಈ ದತ್ತಿಯನ್ನು ಕೆಡಿಸಿದವನಿಗೆ ಮಹಾಪಾತಕ ಎಂಬ ಎಚ್ಚರಿಕೆಯಿದೆ. ಮುಂದಿನ ಶತಮಾನಗಳಲ್ಲಿ ಇದು ಬೆಳೆಯುತ್ತ ಹೋಗುತ್ತದೆ. ದಾನ ಕೊಟ್ಟ ಭೂಮಿಯನ್ನು ಕಸಿದವನು ವಾರಣಾಸಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆ. ಅರುವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ. ವಿದ್ವಾಂಸರು ಇದನ್ನು ಶಾಪಾಶಯ ಎಂದು ಗಂಭೀರವಾಗಿ ಕರೆದರು. ಅರುವತ್ತು ಸಾವಿರ ವರ್ಷ ಅದರಲ್ಲಿ ಹುಳುವಾಗಿರು ಎಂಬುದನ್ನು ನಮ್ಮೂರಿನ ಯಾವ ಬಾಯಿಬಡುಕನೂ ಈವರೆಗೆ ಮೀರಿಸಿಲ್ಲ. ಸಂಸ್ಕೃತ ಶ್ಲೋಕದಲ್ಲಿ ಇದ್ದದ್ದರಿಂದ ಯಾರೂ ಮುಖ ಸಿಂಡರಿಸಲಿಲ್ಲ, ಅಷ್ಟೆ.

ವಿಜಯನಗರ ಕಾಲಕ್ಕೆ ಬಂದರೆ ಮುಸುಕೂ ಜಾರುತ್ತದೆ. ಈ ಧರ್ಮಕ್ಕೆ ತಪ್ಪಿದವನು ತನ್ನ ತಾಯಿಗೇ ತಪ್ಪಿದವನು ಎಂಬರ್ಥದ ಮಾತುಗಳು ನೇರವಾಗಿ ಕಲ್ಲಿಗೆ ಇಳಿಯುತ್ತವೆ. ಅಕ್ಷರ ಬಾರದವರಿಗಾಗಿ ಚಿತ್ರವೂ ಇತ್ತು. ಕೊಂಕಣವನ್ನಾಳಿದ ಶಿಲಾಹಾರರ ದಾನಶಾಸನಗಳಲ್ಲಿ ಮೇಲೆ ಸೂರ್ಯಚಂದ್ರರು, ನಡುವೆ ಬರಹ, ಕೆಳಗೆ ಒಬ್ಬ ಹೆಂಗಸಿನ ಮೇಲೆರಗಿದ ಕತ್ತೆ. ದಾನಕ್ಕೆ ಅಡ್ಡಿ ಮಾಡಿದವನ ತಾಯಿಗೆ ಈ ಗತಿ ಎಂದರ್ಥ. ಮರಾಠಿಯಲ್ಲಿ ಇವುಗಳ ಹೆಸರು ಗಧೇಗಾಳ. ಅಲಿಬಾಗ್ ಬಳಿಯ ಅಕ್ಷಿಯಿಂದ ಗೋವಾದವರೆಗೆ ಸಿಕ್ಕಿವೆ, ಕರ್ನಾಟಕದ ಕೆಲವೆಡೆಯೂ ಇವೆ. ಬೀದಿಯಲ್ಲಿ ಕುಡುಕ ಅಂದದ್ದಕ್ಕೂ ರಾಜ ಕೆತ್ತಿಸಿದ್ದಕ್ಕೂ ಇಲ್ಲಿ ವ್ಯತ್ಯಾಸವೇನಿದೆ? ಕಲ್ಲಿನದು ಬಾಳಿಕೆ ಹೆಚ್ಚು. ಅಲ್ಲೂ ಒದೆ ಬಿದ್ದದ್ದು ಜಮೀನು ನುಂಗಿದವನಿಗಲ್ಲ, ಅವನ ಅಮ್ಮನಿಗೆ.

ಕತ್ತಿ ಕೈಯಲ್ಲಿದ್ದ ರಾಜ ಬೈಯಬೇಕಾದದ್ದು ಯಾಕೆ? ದಾನ ಸೂರ್ಯಚಂದ್ರರಿರುವವರೆಗೆ ನಡೆಯಬೇಕು, ರಾಜ ಅಷ್ಟು ದಿನ ಇರುವುದಿಲ್ಲ. ನೂರು ವರ್ಷದ ಮೇಲೆ ಬರುವ ಯಾವನೋ ಅಧಿಕಾರಿ ಗದ್ದೆಯನ್ನು ನುಂಗಿದರೆ ತಡೆಯಲು ಸತ್ತವನ ಕೈ ಮುಟ್ಟುವುದಿಲ್ಲ. ಕೈ ಮುಟ್ಟದ ಕಡೆ ಬಾಯಿ ಹೋಗುತ್ತದೆ.

ಹಳ್ಳಿಯ ಮುದುಕಿಗೂ ಅಷ್ಟೇ. ಹಿಡಿಶಾಪ ಎನ್ನುವುದನ್ನು ಈಗ ಪತ್ರಿಕೆಗಳು ಆಲಂಕಾರಿಕವಾಗಿ ಬಳಸುತ್ತವೆ. ರಸ್ತೆ ಗುಂಡಿ ಬಿದ್ದರೆ ಸವಾರರು ಹಿಡಿಶಾಪ ಹಾಕುತ್ತಾರೆ. ನಾನು ಚಿಕ್ಕಂದಿನಲ್ಲಿ ನೋಡಿದ್ದು ಅಸಲಿಯದು. ನಮ್ಮ ಕೇರಿಯಲ್ಲಿ ಒಬ್ಬಂಟಿ ಮುದುಕಿಯ ಹುಂಜ ಕಳುವಾಗಿತ್ತು. ಯಾರು ಕದ್ದವರೆಂದು ಅವಳಿಗೆ ಚೆನ್ನಾಗಿ ಗೊತ್ತು, ಹೆಸರು ಹೇಳುವ ಧೈರ್ಯವಿಲ್ಲ, ಪಂಚಾಯ್ತಿ ಸೇರಿಸುವ ಗಂಡಸು ಮನೆಯಲ್ಲಿಲ್ಲ. ಬೆಳಿಗ್ಗೆ ಎದ್ದವಳೇ ತುರುಬು ಬಿಚ್ಚಿಕೊಂಡು ಬೀದಿಗೆ ಬಂದಳು. ಬಗ್ಗಿ ಒಂದು ಹಿಡಿ ಮಣ್ಣು ತೆಗೆಯುವುದು, ಗಾಳಿಗೆ ತೂರುವುದು, ಒಂದು ಮಾತು. ಮತ್ತೆ ಬಗ್ಗುವುದು. ‘ನನ್ ಹುಂಜ ತಿಂದೋರ್ ಕಳ್ಳು ಕಿತ್ತು ಬರ. ಅವ್ರ್ ಮನೇಲಿ ದೀಪ ಹಚ್ಚೋರಿಲ್ದಂಗಾಗ. ಅವ್ರ್ ನಾಲ್ಗೆ ಸೇದೋಗ.’ ಸ್ವರ ಏರಲೂ ಇಲ್ಲ, ಇಳಿಯಲೂ ಇಲ್ಲ. ಇಡೀ ಕೇರಿ ಬಾಗಿಲು ಹಾಕಿಕೊಂಡು ಕೇಳಿತು. ತಪ್ಪು ಮಾಡದವರಿಗೂ ಎದೆ ಡವಡವ. ಹುಂಜ ಅಷ್ಟೊತ್ತಿಗೆ ಸಾರಾಗಿತ್ತು ಅಂತ ಕಾಣುತ್ತದೆ, ಮರಳಿ ಬರಲಿಲ್ಲ. ಆದರೆ ಆಮೇಲೆ ಅವಳ ಕೋಳಿಗಳ ತಂಟೆಗೆ ಯಾರೂ ಹೋಗಲಿಲ್ಲ. ಹರಸುವಾಗ ‘ಆಗಲಿ, ಬರಲಿ’ ಎನ್ನುವ ಬಾಯಿ ಶಪಿಸುವಾಗ ‘ಆಗ, ಬರ, ಹೋಗ’ ಎಂದು ಕತ್ತರಿಸುತ್ತದೆ. ಆ ಮೊಟಕು ಕ್ರಿಯಾಪದಕ್ಕೆ ಬೇರೆ ಕಡೆ ಇಂದು ಅಷ್ಟೇನೂ ಕೆಲಸವಿಲ್ಲ, ಶಾಪವೇ ಅದನ್ನು ಜೀವಂತ ಇಟ್ಟಿದೆ.

ಮುದುಕಿಯ ಬೈಗುಳ ಕೆಳಗಿನಿಂದ ಮೇಲೆ ಹೋಗುತ್ತದೆ. ಜಾತಿಯ ಬೈಗುಳ ಮಾತ್ರ ಯಾವತ್ತೂ ಕೆಳಗೇ ಬಂದಿದೆ. ಅದಕ್ಕೆ ಬೇರೆ ಪದ ಬೇಕಿಲ್ಲ, ಜಾತಿಯ ಹೆಸರನ್ನೇ ಒಂದು ಬಗೆಯ ಸ್ವರದಲ್ಲಿ ಹೇಳಿದರೆ ಸಾಕು. ಕಸುಬಿನ ಹೆಸರೂ ಹಾಗೆಯೇ. ‘ಹಜಾಮ’ ಎಂಬುದನ್ನು ಮೈಗಳ್ಳನಿಗೂ ಮೂರ್ಖನಿಗೂ ಬೈಗುಳವಾಗಿ ಬಳಸುವುದರ ವಿರುದ್ಧ ಕ್ಷೌರಿಕ ಸಮುದಾಯದವರು ದನಿ ಎತ್ತುತ್ತಲೇ ಬಂದಿದ್ದಾರೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ 1989ರಲ್ಲಿ ಬಂತು. ನಾಲ್ಕು ಜನರ ಎದುರು ಜಾತಿ ಹಿಡಿದು ಬೈಯುವುದನ್ನು 2015ರ ತಿದ್ದುಪಡಿ ಸ್ಪಷ್ಟ ಮಾತಿನಲ್ಲಿ ಅಪರಾಧವೆಂದು ಬರೆಯಿತು. ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ಅದಕ್ಕೂ ಮುಂಚೆ, 1975ರಲ್ಲಿ, ಸಿದ್ಧಲಿಂಗಯ್ಯ ತಮ್ಮ ಮೊದಲ ಸಂಕಲನಕ್ಕೆ ‘ಹೊಲೆಮಾದಿಗರ ಹಾಡು’ ಎಂದು ಹೆಸರಿಟ್ಟಿದ್ದರು. ಬೈಗುಳವಾಗಿದ್ದ ಎರಡು ಹೆಸರು ಪುಸ್ತಕದಂಗಡಿಯ ಕಪಾಟಿನಲ್ಲಿ ಎದೆಯುಬ್ಬಿಸಿ ನಿಂತವು. ಒಳಗಿನ ಪದ್ಯಗಳ ಒದೆ, ತದುಕು ಭಾಷೆಗೆ ಸಭ್ಯ ಓದುಗರು ಬೆಚ್ಚಿದರು. ನನಗಂತೂ ಅದು ಬೈಗುಳದ ಚರಿತ್ರೆಯಲ್ಲೇ ಒಂದು ದೊಡ್ಡ ದಿನ. ಎಂಟು ಶತಮಾನ ಮೊದಲು ಅಂಬಿಗರ ಚೌಡಯ್ಯ ಡಾಂಭಿಕರನ್ನು ಪಾದರಕ್ಷೆಯಲ್ಲಿ ಹೊಡೆಯಿರಿ ಎಂದಾಗಲೂ ಮಡಿವಂತರಿಗೆ ಹೀಗೇ ಆಗಿದ್ದಿರಬೇಕು.

ಸ್ನೇಹಿತರ ನಡುವಿನ ಬೈಗುಳ ಬೇರೆಯೇ ಲೋಕ. ಮಂಡ್ಯದ ಕಡೆ ಹತ್ತು ವರ್ಷದ ಮೇಲೆ ಸಿಕ್ಕ ಗೆಳೆಯನನ್ನು ‘ಎಲ್ಲೋ ಸತ್ತೋಗಿದ್ದೆ ಬಡ್ಡೈದ್ನೆ’ ಎನ್ನದೆ ಮಾತಾಡಿಸಿದರೆ ಅವನಿಗೆ ಅನುಮಾನ ಬರುತ್ತದೆ, ಇವನು ಸಾಲ ಕೇಳಲು ಬಂದಿದ್ದಾನೆಯೇ ಎಂದು. ‘ನನ್ಮಗನೆ’ ಎಂಬುದರ ಒಳಗಿನ ಅರ್ಥ ಬಿಡಿಸಿ ನೋಡಿದರೆ ಕೊಲೆಯಾಗಬೇಕು, ಆದರೆ ಯಾರೂ ಬಿಡಿಸಿ ನೋಡುವುದಿಲ್ಲ. ಧಾರವಾಡದ ಕಡೆ ‘ನಿನ್ನವ್ವನ್’ ಎಂದು ಷಷ್ಠೀ ವಿಭಕ್ತಿಯಲ್ಲೇ ವಾಕ್ಯ ನಿಂತುಬಿಡುತ್ತದೆ. ಮುಂದೆ ಕರ್ಮವೂ ಇಲ್ಲ, ಕ್ರಿಯಾಪದವೂ ಇಲ್ಲ, ಎಲ್ಲ ಕೇಳುವವನ ಊಹೆಗೆ ಬಿಟ್ಟದ್ದು. ಮೈಸೂರಿನವರು ಇನ್ನೂ ನಯ. ತಾಯಿಯನ್ನು ಬಿಟ್ಟು ಒಂದು ತಲೆಮಾರು ಹಿಂದೆ ಸರಿದು ‘ಅವನಜ್ಜಿ’ ಎನ್ನುತ್ತಾರೆ. ಇದು ಮರ್ಯಾದೆಯಂತೆ.

ರಾಮ್ ರೆಡ್ಡಿ ಅವರ ‘ತಿಥಿ’ ಸಿನಿಮಾ ಶುರುವಾಗುವುದೇ ಹೀಗೆ. ನೂರು ದಾಟಿದ ಸೆಂಚುರಿ ಗೌಡ ಬೀದಿಬದಿ ಕೂತು ಹೋಗುವವರನ್ನು ಬರುವವರನ್ನು, ಗಂಡಸರನ್ನು ಹೆಂಗಸರನ್ನು, ಯಾರನ್ನೂ ಬಿಡದೆ ಬೈಯುತ್ತಾನೆ. ಯಾರಿಗೂ ಸಿಟ್ಟಿಲ್ಲ, ಅವರಿಗೆ ಅದು ದಿನದ ಲೆಕ್ಕ. ಆಮೇಲೆ ಮೂತ್ರಕ್ಕೆಂದು ಎದ್ದು ಹೋದವನು ಅಲ್ಲೇ ಕುಸಿದು ಸಾಯುತ್ತಾನೆ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಈ ಚಿತ್ರದ ಮೊದಲ ಐದು ನಿಮಿಷವನ್ನು ಮಂಡ್ಯದವರು ನೋಡುವ ಬಗೆ ಬೇರೆ, ಅಡಿಬರಹ ಓದುವವರು ನೋಡುವ ಬಗೆ ಬೇರೆ. ಮುಪ್ಪು ಕೊಡುವ ಪರವಾನಗಿ ಅದು. ವಯಸ್ಸಿನ ಹುಡುಗ ಅದೇ ಜಾಗದಲ್ಲಿ ಕೂತು ಅದೇ ಮಾತು ಆಡಿದ್ದರೆ ಹಲ್ಲು ಉದುರುತ್ತಿತ್ತು.

ದೇಹಕ್ಕೂ ಬೈಗುಳ ಬೇಕು. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ರಿಚರ್ಡ್ ಸ್ಟೀಫನ್ಸ್ ಮತ್ತು ಸಂಗಡಿಗರು 2009ರಲ್ಲಿ ವಿದ್ಯಾರ್ಥಿಗಳ ಕೈಯನ್ನು ಐಸಿನಂಥ ನೀರಿನಲ್ಲಿ ಅದ್ದಿಸಿದರು. ಬೈಗುಳ ಆಡುತ್ತಿದ್ದವರು ಸುಮ್ಮನೆ ಬೇರೆ ಪದ ಹೇಳುತ್ತಿದ್ದವರಿಗಿಂತ ಹೆಚ್ಚು ಹೊತ್ತು ಚಳಿ ತಡೆದರು. ದಿನವಿಡೀ ಬೈಯುವವರಿಗೆ ಈ ಲಾಭ ಕಡಿಮೆ ಎಂದು ಆಮೇಲಿನ ಅವರ ಪ್ರಯೋಗದಲ್ಲಿ ಕಂಡಿತು. ಸೆಂಚುರಿ ಗೌಡನಿಗೆ ಹಾಗಾದರೆ ಏನೂ ದಕ್ಕುತ್ತಿರಲಿಲ್ಲ. ಎರಡು ಭಾಷೆ ಬಲ್ಲವರಿಗೆ ತಾಯ್ನುಡಿಯ ಬೈಗುಳವೇ ಹೆಚ್ಚು ನಾಟುತ್ತದೆ ಎಂಬುದೂ ಸಂಶೋಧಕರು ಅಳೆದು ನೋಡಿದ ವಿಷಯ. ಅಳೆಯದೆಯೂ ನಮಗೆ ಗೊತ್ತು. ಬೆಂಗಳೂರಿನ ಆಫೀಸುಗಳಲ್ಲಿ ಇಂಗ್ಲಿಷಿನ ನಾಲ್ಕಕ್ಷರದ ಪದ ಕಾಫಿಯ ಜೊತೆ ಹರಿದಾಡುತ್ತದೆ, ಯಾರೂ ತಲೆಯೆತ್ತುವುದಿಲ್ಲ. ಅದನ್ನೇ ಕನ್ನಡದಲ್ಲಿ ಅನ್ನಿ, ಸಂಜೆಯೊಳಗೆ ಎಚ್‌ಆರ್‌ನಿಂದ ಮೇಲ್ ಬರುತ್ತದೆ.

ಇಷ್ಟೆಲ್ಲ ಹೇಳಿ, ಬೈಯುವುದೇ ಆಚರಣೆಯಾದ ಹಬ್ಬಕ್ಕೆ ಕೊಡಗಿಗೆ ಹೋಗದಿದ್ದರೆ ಆಗುವುದಿಲ್ಲ. ಉತ್ತರ ಕರ್ನಾಟಕದ ಕಾಮನ ಹಬ್ಬದಲ್ಲಿ ಹುಡುಗರು ಬಾಯಿ ಬಡಿದುಕೊಂಡು ಪೋಲಿ ಹಾಡು ಹೇಳುತ್ತಾರೆ, ಹಳೆಯ ಮದುವೆಗಳಲ್ಲಿ ಹೆಣ್ಣಿನ ಕಡೆಯ ಹೆಂಗಸರು ಬೀಗರನ್ನು ಹಾಡಿನಲ್ಲೇ ಜರೆಯುತ್ತಿದ್ದರು, ಕೇರಳದ ಕೊಡುಂಗಲ್ಲೂರಿನ ಭರಣಿಯಲ್ಲಿ ಭಕ್ತರು ದೇವಿಗೇ ಅಶ್ಲೀಲ ಹಾಡು ಅರ್ಪಿಸುತ್ತಾರೆ. ಗೋಣಿಕೊಪ್ಪಲು ಬಳಿಯ ದೇವರಪುರದ ಕುಂಡೆ ಹಬ್ಬ ಇವೆಲ್ಲಕ್ಕಿಂತ ಒಂದು ಕೈ ಮುಂದೆ.

ಪ್ರತಿ ವರ್ಷ ಮೇ ತಿಂಗಳ ನಾಲ್ಕನೇ ಗುರುವಾರ ಈ ಹಬ್ಬ. ಬೇಡು ಹಬ್ಬ ಎಂದೂ ಕರೆಯುತ್ತಾರೆ. ಕಾಫಿ ತೋಟಗಳಲ್ಲಿ ಕೂಲಿ ಮಾಡುವ ಜೇನುಕುರುಬರು, ಬೆಟ್ಟಕುರುಬರು, ಯರವರು ಇದರ ಒಡೆಯರು. ಗಂಡಸರು ಸೀರೆ, ನೈಟಿ, ಲಂಗ ತೊಟ್ಟು, ಮುಖಕ್ಕೆ ಬಣ್ಣ ಮೆತ್ತಿ, ಪ್ಲಾಸ್ಟಿಕ್ ಡಬ್ಬ, ತಗಡು, ಒಣ ಸೋರೆಬುರುಡೆ ಬಡಿಯುತ್ತ ಗುಂಪಾಗಿ ಹೊರಡುತ್ತಾರೆ. ಬಸ್ಸು ಕಾರು ನಿಲ್ಲಿಸಿ, ಅಂಗಡಿಯ ಬಾಗಿಲಿಗೆ ಅಡ್ಡ ನಿಂತು ಕಾಸು ಕೇಳುತ್ತಾರೆ. ಕೊಟ್ಟರೂ ಬೈಗುಳ, ಕೊಡದಿದ್ದರೂ ಬೈಗುಳ. ಕುಂಡೆ ಎಂದು ಶುರುವಾಗಿ ಅದರ ಆಸುಪಾಸಿನ ಎಲ್ಲ ಅಂಗಗಳೂ ತಾಳಕ್ಕೆ ಸರಿಯಾಗಿ ಬರುತ್ತವೆ. ತೋಟದ ಸಾಹುಕಾರ, ಅಧಿಕಾರಿ, ಪೇಟೆಯ ವ್ಯಾಪಾರಿ ಯಾರಿಗೂ ವಿನಾಯಿತಿಯಿಲ್ಲ. ಕೊನೆಗೆ ಎಲ್ಲ ಗುಂಪುಗಳೂ ದೇವಸ್ಥಾನಕ್ಕೆ ಬಂದು ದೇವರಿಗೂ ಬೈಯುತ್ತವೆ.

ದೇವರು ಮಾಡಿದ ತಪ್ಪೇನು? ಅವರ ಕಥೆ ಇದು. ಅಯ್ಯಪ್ಪ ಈ ಜನರನ್ನು ಬೇಟೆಗೆಂದು ಕಾಡಿಗೆ ಕರೆದುಕೊಂಡು ಹೋದ. ಕಾಡಿನ ನಡುವೆ ಭದ್ರಕಾಳಿ ಎದುರಾದಳು. ಅವಳನ್ನು ಕಂಡದ್ದೇ, ಜೊತೆಗೆ ಬಂದವರನ್ನು ಅಲ್ಲೇ ಬಿಟ್ಟು ಅವಳ ಹಿಂದೆ ಹೋಗಿಬಿಟ್ಟ. ಕರೆತಂದವನೇ ನಡುನೀರಿನಲ್ಲಿ ಕೈಬಿಟ್ಟ ಸಿಟ್ಟು ಇದು. ಪುರಾಣದ ಸಿಟ್ಟೆನ್ನುವುದಕ್ಕಿಂತ ಕೂಲಿಯಾಳಿನ ಸಿಟ್ಟು ಎನಿಸುತ್ತದೆ ನನಗೆ. ಕಾಡಿನಿಂದ ಎಬ್ಬಿಸಿ, ತೋಟದ ಲೈನುಮನೆಗೆ ತಂದು, ಅಲ್ಲೂ ಇಲ್ಲೂ ಸಲ್ಲದವರನ್ನಾಗಿ ಮಾಡಿದವರು ಯಾರು ಯಾರು ಎಂದು ಇವರ ನಿಜ ಚರಿತ್ರೆಯನ್ನು ನೋಡಿದರೆ ಆ ಕಥೆಯಲ್ಲಿ ಅಯ್ಯಪ್ಪನ ಜಾಗಕ್ಕೆ ಕೂರಿಸಬಹುದಾದವರು ಬೇಕಾದಷ್ಟು ಸಿಗುತ್ತಾರೆ. ಬೈಗುಳಗಳ ಪಟ್ಟಿ ಇಲ್ಲೂ ಹಳೆಯದೇ. ಅದರ ಅರ್ಥ ಬದಲಿಸುವುದು ಬೈಯುವವರು ಯಾರು, ಬೈಸಿಕೊಳ್ಳುವವರು ಯಾರು ಎಂಬುದು. ಇದನ್ನು ಅಸಭ್ಯ ಎಂದು ಮೂಗು ಮುರಿಯುವವರು ಪ್ರತಿ ವರ್ಷ ಇದ್ದಾರೆ. ಕ್ಯಾಮೆರಾ ಹಿಡಿದು ಬರುವ ಪ್ರವಾಸಿಗರಿಗೆ ಒಳ್ಳೆಯ ಚಿತ್ರ ಸಿಗುತ್ತದೆ. ಅವರಿಗೂ ಬೈಗುಳ ಬೀಳುತ್ತದೆ, ಅರ್ಥವಾಗುವುದಿಲ್ಲ, ನಗುತ್ತಾರೆ.

ಬೈದು ಮುಗಿದ ಮೇಲೆ ದೇವರ ಮುಂದೆ ತಪ್ಪಾಯಿತು ಎಂದು ಕೈಮುಗಿಯುತ್ತಾರೆ. ಕೂಡಿದ ಕಾಸಿನಲ್ಲಿ ಒಂದು ಪಾಲು ಹುಂಡಿಗೆ, ಉಳಿದದ್ದು ಊಟಕ್ಕೆ, ಕುಡಿತಕ್ಕೆ. ಸಾಹುಕಾರರೂ ಅಧಿಕಾರಿಗಳೂ ಅಂದು ಬೈಸಿಕೊಂಡದ್ದಕ್ಕೆ ದೂರು ಕೊಡುವುದಿಲ್ಲ, ಸಂಪ್ರದಾಯ ಎನ್ನುತ್ತಾರೆ. ಶುಕ್ರವಾರ ಬೆಳಿಗ್ಗೆ ಅದೇ ತೋಟ, ಅದೇ ಕೂಲಿ. ತಡವಾಗಿ ಬಂದ ಆಳಿಗೆ ಮೇಸ್ತ್ರಿ ಬೈಯುತ್ತಾನೆ. ಅದಕ್ಕೆ ಹಬ್ಬ ಬೇಕಾಗುವುದಿಲ್ಲ.